ನೊಣದ ರೆಕ್ಕೆಯ ಗೆರೆ ಅಳೆಯುವುದಕ್ಕೂ ಮನುಷ್ಯನ ಕಾಯಿಲೆಗೂ ಏನು ಸಂಬಂಧ?

ಪ್ರಶ್ನೆ: ನನ್ನ ಮಗಳು ಪಿಎಚ್‌ಡಿ ಮಾಡುತ್ತಿದ್ದಾಳೆ. ವಿಷಯ ಸೆಲ್ ಸಿಗ್ನಲಿಂಗ್. ಕಾಯಿಲೆಗಳ ಬಗ್ಗೆ ಸಂಶೋಧನೆ ಮಾಡಬೇಕು ಅಂತ ಆಸೆಪಟ್ಟು ಸೇರಿದವಳು. ಈಗ ಕೇಳಿದರೆ ದಿನವಿಡೀ ಹಣ್ಣುನೊಣದ ರೆಕ್ಕೆಯ ಮೇಲಿನ ಎರಡು ಗೆರೆಗಳ ನಡುವಿನ ದೂರ ಅಳೆಯುತ್ತಾಳಂತೆ. "ಇದು ಕ್ಯಾನ್ಸರ್‌ಗೂ ಸಂಬಂಧಪಟ್ಟಿದ್ದು ಅಪ್ಪಾ" ಅನ್ನುತ್ತಾಳೆ. ನನಗೆ ನಂಬಿಕೆ ಬರುತ್ತಿಲ್ಲ. ನೊಣ ಬೆಳೆಯುವುದಕ್ಕೂ ಮನುಷ್ಯನ ಕಾಯಿಲೆಗೂ ನಿಜವಾಗಿ ಸಂಬಂಧ ಇದೆಯಾ? ಇದರಿಂದ ಔಷಧ ಬರುತ್ತದೆಯಾ, ಬಂದರೆ ಎಷ್ಟು ವರ್ಷಕ್ಕೆ? ಆಸ್ಪತ್ರೆಗೆ ಹತ್ತಿರದ ಕೆಲಸಕ್ಕೆ ಬದಲಾಯಿಸಿಕೋ ಅಂತ ಹೇಳಲಾ?

ಉತ್ತರ: ನಿಮ್ಮ ಪ್ರಶ್ನೆ ಓದಿದಾಗ ನನಗೆ ಖುಷಿಯಾಯಿತು. ಯಾಕೆಂದರೆ ನಾನೂ ಇಂಥದ್ದೇ ಕೆಲಸದಿಂದ ಶುರು ಮಾಡಿದವನು. ಆ ಎರಡು ಗೆರೆಗಳು ಯಾವುವು ಅಂತಲೂ ನನಗೆ ಹೆಚ್ಚೂಕಮ್ಮಿ ಗೊತ್ತು. ಮೂರನೆಯ ಗೆರೆ, ನಾಲ್ಕನೆಯ ಗೆರೆ. ಅವುಗಳ ನಡುವಿನ ದೂರವನ್ನು ಸುಮ್ನೆ ಯಾರೂ ಅಳೆಯುವುದಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಒಂದೇ ಒಂದು ಜೀವಕೋಶದಿಂದ ಇಡೀ ದೇಹ ಆಗುತ್ತದೆ. ಎಲ್ಲ ಜೀವಕೋಶಗಳಲ್ಲೂ ಇರುವುದು ಅದೇ ಜೀನ್‌ಗಳು. ಹಾಗಿದ್ದರೆ ಒಂದು ಜೀವಕೋಶಕ್ಕೆ ತಾನು ಹೆಬ್ಬೆರಳಾಗಬೇಕು, ಇನ್ನೊಂದಕ್ಕೆ ತಾನು ಕಿರುಬೆರಳಾಗಬೇಕು ಅಂತ ಯಾರು ಹೇಳುತ್ತಾರೆ? ಅಕ್ಕಪಕ್ಕದ ಜೀವಕೋಶಗಳೇ ಹೇಳುತ್ತವೆ. ಒಂದು ಜೀವಕೋಶ ಒಂದು ಪ್ರೋಟೀನನ್ನು ಹೊರಗೆ ಬಿಡುತ್ತದೆ. ಪಕ್ಕದ್ದು ಅದನ್ನು ಹಿಡಿದುಕೊಂಡು, ಒಳಗಿನ ಜೀನ್‌ಗಳಿಗೆ ಸುದ್ದಿ ಮುಟ್ಟಿಸುತ್ತದೆ. ಸೆಲ್ ಸಿಗ್ನಲಿಂಗ್ ಅಂದರೆ ಇಷ್ಟೇ: ಜೀವಕೋಶಗಳ ಮಾತುಕತೆ. ಆಶ್ಚರ್ಯ ಏನು ಗೊತ್ತಾ? ದೇಹ ಕಟ್ಟುವುದಕ್ಕೆ ಬಳಕೆಯಾಗುವ ಇಂಥ ಮುಖ್ಯ ಮಾತುಗಳು ಬೆರಳೆಣಿಕೆಯಷ್ಟು ಮಾತ್ರ. ಅವೇ ಮಾತುಗಳು ಮತ್ತೆ ಮತ್ತೆ, ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಬಳಕೆಯಾಗುತ್ತವೆ. ನೊಣದಲ್ಲೂ ಅವೇ, ನಮ್ಮಲ್ಲೂ ಅವೇ.

ಇದನ್ನು ಎಲ್ಲಾ ಕಡೆಯಿಂದ ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಒಂದೇ ಒಂದು ಮಾತಿನ ಕಥೆ ಹೇಳುತ್ತೇನೆ. ಅದರ ಹೆಸರು ಹೆಡ್ಜ್‌ಹಾಗ್.

1970ರ ದಶಕದ ಕೊನೆ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವೀಶೌಸ್ ಒಂದು ದೊಡ್ಡ ಹುಡುಕಾಟಕ್ಕೆ ಕೈಹಾಕಿದರು. ನೊಣಗಳ ಜೀನ್‌ಗಳನ್ನು ರಾಸಾಯನಿಕ ಕೊಟ್ಟು ಅಲ್ಲಲ್ಲಿ ಕೆಡಿಸುವುದು, ಆಮೇಲೆ ಅವುಗಳ ಸಂತಾನದಲ್ಲಿ ಯಾವ ಮರಿಹುಳು ವಿಚಿತ್ರವಾಗಿದೆ ಅಂತ ನೋಡುವುದು. ಇಬ್ಬರೂ ಒಟ್ಟಿಗೆ ನೋಡುವಂಥ ಎರಡು ತಲೆಯ ಮೈಕ್ರೋಸ್ಕೋಪ್ ಇಟ್ಟುಕೊಂಡು, ಎದುರುಬದುರು ಕೂತು, ಸಾವಿರಾರು ನೊಣದ ವಂಶಗಳ ಮರಿಹುಳುಗಳನ್ನು ನೋಡಿದರು. ಸಾಮಾನ್ಯ ಮರಿಹುಳುವಿನ ಹೊಟ್ಟೆಯ ಕಡೆ ಪಟ್ಟೆಪಟ್ಟೆಯಾಗಿ ಸಣ್ಣ ಮುಳ್ಳುಗಳು ಇರುತ್ತವೆ. ಒಂದು ಪಟ್ಟೆ ಮುಳ್ಳು, ಒಂದು ಪಟ್ಟೆ ನುಣುಪು, ಮತ್ತೆ ಮುಳ್ಳು, ಮತ್ತೆ ನುಣುಪು. ಒಂದು ಜೀನ್ ಕೆಟ್ಟ ಹುಳುಗಳಲ್ಲಿ ನುಣುಪಾದ ಜಾಗವೇ ಇರಲಿಲ್ಲ. ಮೋಟಾದ ಹುಳು, ಹೊಟ್ಟೆತುಂಬ ಮುಳ್ಳು. ಅದನ್ನು ನೋಡಿ ಮೈಮೇಲೆ ಮುಳ್ಳಿರುವ ಪುಟ್ಟ ಪ್ರಾಣಿಯ ಹೆಸರನ್ನೇ ಇಟ್ಟರು. 1980ರಲ್ಲಿ ಅವರು ಪ್ರಕಟಿಸಿದ 15 ಜೀನ್‌ಗಳಲ್ಲಿ ಇದೂ ಒಂದು. 1995ರಲ್ಲಿ ಎಡ್ವರ್ಡ್ ಲೂಯಿಸ್ ಜೊತೆಗೆ ಇವರಿಬ್ಬರಿಗೂ ವೈದ್ಯಕೀಯ ನೊಬೆಲ್ ಬಂತು. ವೈದ್ಯಕೀಯ ನೊಬೆಲ್, ನೊಣದ ಹುಳುವಿನ ಮುಳ್ಳು ನೋಡಿದ್ದಕ್ಕೆ!

1993ರಲ್ಲಿ ಇದೇ ಜೀನ್‌ನ ಸಂಬಂಧಿಗಳು ಬೆನ್ನೆಲುಬಿರುವ ಪ್ರಾಣಿಗಳಲ್ಲೂ ಸಿಕ್ಕವು. ಅದರಲ್ಲಿ ಮುಖ್ಯವಾದದ್ದಕ್ಕೆ ಒಂದು ವಿಡಿಯೋ ಗೇಮ್‌ನ ಪಾತ್ರದ ಹೆಸರು ಬಿತ್ತು, ಸೋನಿಕ್ ಹೆಡ್ಜ್‌ಹಾಗ್ ಅಂತ. ನನಗೆ ಈ ಹೆಸರು ಯಾವತ್ತೂ ಇಷ್ಟವಾಗಿಲ್ಲ. ಈ ಜೀನ್ ಕೆಟ್ಟದ್ದರಿಂದ ಹುಟ್ಟುವ ಮೊದಲೇ ಮಗುವನ್ನು ಕಳೆದುಕೊಂಡ ತಂದೆತಾಯಿಯ ಎದುರು ಕೂತು ಈ ಹೆಸರು ಹೇಳಬೇಕಾದ ವೈದ್ಯರ ಕಷ್ಟ ಯೋಚಿಸಿ. ನಾನು ಎಸ್‌ಎಚ್‌ಎಚ್ ಅಂತಷ್ಟೇ ಹೇಳುತ್ತೇನೆ.

ಕುರಿಗಳ ಕಥೆ ಕೇಳಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 1950ರ ದಶಕದಲ್ಲಿ ಅಮೆರಿಕದ ಐಡಹೊ ರಾಜ್ಯದ ಕುರಿ ಸಾಕುವವರಿಗೆ ಒಂದು ಭಯಂಕರ ತೊಂದರೆ ಶುರುವಾಗಿತ್ತು. ಕೆಲವು ಮರಿಗಳು ಹಣೆಯ ನಡುವೆ ಒಂದೇ ಕಣ್ಣಿಟ್ಟುಕೊಂಡು ಹುಟ್ಟುತ್ತಿದ್ದವು. ಸರ್ಕಾರದ ಕೃಷಿ ವಿಜ್ಞಾನಿಗಳು ಕಾರಣ ಹುಡುಕುತ್ತಾ ವರ್ಷಗಳನ್ನೇ ಕಳೆದರು. ಬೇಸಿಗೆಯಲ್ಲಿ ಮಂದೆಯ ಜೊತೆಗೇ ಬೆಟ್ಟದ ಹುಲ್ಲುಗಾವಲಿನಲ್ಲಿ ಇದ್ದು, ಕುರಿಗಳು ಏನೇನು ತಿನ್ನುತ್ತವೆ ಅಂತ ನೋಡಿದರು. ಕೊನೆಗೆ ಸಿಕ್ಕಿದ್ದು ಕಾರ್ನ್ ಲಿಲಿ ಅನ್ನುವ ಕಾಡುಗಿಡ. ಗಬ್ಬದ ಕುರಿ ಅದನ್ನು ಸರಿಯಾಗಿ ಹದಿನಾಲ್ಕನೆಯ ದಿನದ ಹೊತ್ತಿಗೆ ತಿಂದರೆ ಮರಿಗೆ ಒಂದೇ ಕಣ್ಣು. ಕುರಿಯ ಗರ್ಭ ಸುಮಾರು 150 ದಿನ. ಅದರಲ್ಲಿ ಆ ಒಂದು ದಿನ! ಗಿಡದಲ್ಲಿದ್ದ ವಿಷಕ್ಕೆ ಗ್ರೀಕ್ ಪುರಾಣದ ಒಕ್ಕಣ್ಣ ದೈತ್ಯನ ಹೆಸರಿನಿಂದ ಸೈಕ್ಲೊಪಮೈನ್ ಅಂತ ಹೆಸರಿಟ್ಟರು. ಅದು ಜೀವಕೋಶದ ಒಳಗೆ ಏನು ಮಾಡುತ್ತದೆ ಅಂತ ಆಗ ಯಾರಿಗೂ ತಿಳಿಯಲಿಲ್ಲ. ಮೂವತ್ತು ವರ್ಷ ಅದು ಕುರಿ ವೈದ್ಯರ ಪುಸ್ತಕದಲ್ಲೇ ಉಳಿಯಿತು.

1996ರಲ್ಲಿ ಫಿಲಿಪ್ ಬೀಚಿ ಅವರ ತಂಡ ಎಸ್‌ಎಚ್‌ಎಚ್ ಜೀನನ್ನು ತೆಗೆದುಹಾಕಿದ ಇಲಿಗಳನ್ನು ಮಾಡಿ ನೋಡಿತು. ಇಲಿಯ ಭ್ರೂಣಕ್ಕೆ ಒಂದೇ ಕಣ್ಣು, ಮುಖದ ನಡುವೆ. ಕುರಿಮರಿಗಳ ಫೋಟೋ ನೋಡಿದ್ದವರಿಗೆ ಎರಡೂ ಒಂದೇ ಅನ್ನಿಸದೆ ಇರಲು ಸಾಧ್ಯವೇ ಇರಲಿಲ್ಲ. 1998ರಲ್ಲಿ ಉತ್ತರ ಬಂತು. ಸೈಕ್ಲೊಪಮೈನ್ ಹೆಡ್ಜ್‌ಹಾಗ್‌ನ ಮಾತು ಜೀವಕೋಶಕ್ಕೆ ಕೇಳದ ಹಾಗೆ ಮಾಡುತ್ತದೆ.

ಯಾಕೆ ಕಣ್ಣು? ಶುರುವಿನಲ್ಲಿ ನಮ್ಮೆಲ್ಲರಿಗೂ ಕಣ್ಣಾಗಬೇಕಾದ ಜಾಗ ಒಂದೇ ಇರುತ್ತದೆ, ಮಧ್ಯದಲ್ಲಿ. ಅದರ ಕೆಳಗಿರುವ ಜೀವಕೋಶಗಳು ಎಸ್‌ಎಚ್‌ಎಚ್ ಬಿಟ್ಟು "ನಡುವೆ ಕಣ್ಣು ಬೇಡ" ಅನ್ನುತ್ತವೆ. ಆಗ ಆ ಜಾಗ ಎರಡಾಗಿ ಒಡೆದು ಎಡಕ್ಕೊಂದು ಬಲಕ್ಕೊಂದು ಆಗುತ್ತದೆ. ಮಿದುಳಿನ ಮುಂಭಾಗವೂ ಇದೇ ಮಾತು ಕೇಳಿ ಎರಡು ಹೋಳಾಗುತ್ತದೆ. ಮಾತು ಕೇಳಿಸದಿದ್ದರೆ ಎರಡೂ ಒಡೆಯುವುದಿಲ್ಲ. ಮನುಷ್ಯರಲ್ಲಿ ಇದಕ್ಕೆ ಹೋಲೋಪ್ರೊಸೆನ್ಸೆಫಲಿ ಅನ್ನುತ್ತಾರೆ. ಸುಮಾರು 250 ಗರ್ಭಗಳಲ್ಲಿ ಒಂದರಲ್ಲಿ ಇದು ಶುರುವಾಗುತ್ತದೆ ಅಂತ ಲೆಕ್ಕ. ಹೆಚ್ಚಿನವು ನಿಲ್ಲುವುದಿಲ್ಲ. ಎಸ್‌ಎಚ್‌ಎಚ್ ಕೆಟ್ಟರೆ ಮನುಷ್ಯರಲ್ಲಿ ಈ ತೊಂದರೆ ಬರುತ್ತದೆ ಅಂತ ತೋರಿಸಿದ್ದೂ 1996ರಲ್ಲೇ. ಕೆಲವು ಕುಟುಂಬಗಳಲ್ಲಿ ಮಗುವಿಗೆ ತೀವ್ರ ತೊಂದರೆ ಇರುತ್ತದೆ. ಅದೇ ಜೀನ್ ದೋಷ ಇರುವ ತಾಯಿಗೋ ತಂದೆಗೋ ಏನೂ ಇರುವುದಿಲ್ಲ, ಮೇಲಿನ ಮುಂಹಲ್ಲು ಎರಡರ ಬದಲು ನಡುವೆ ಒಂದೇ ಇರುತ್ತದೆ ಅಷ್ಟೇ. ನಾನು ಮೊದಲ ಸಲ ಅಂಥ ಒಂದು ಹಲ್ಲಿನ ಚಿತ್ರ ನೋಡಿದಾಗ ತುಂಬ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ. ಒಂದು ಸಂಕೇತ ಸ್ವಲ್ಪ ಕಡಿಮೆಯಾದದ್ದರ ಗುರುತು, ಒಂದು ನಗುವಿನಲ್ಲಿ.

ಈಗ ಕ್ಯಾನ್ಸರ್‌ಗೆ ಬರೋಣ. ಇದಕ್ಕೆ ಈ ಮಾತು ಕೇಳಿಸಿಕೊಳ್ಳುವ ಬಗೆ ಸ್ವಲ್ಪ ಗೊತ್ತಿರಬೇಕು.

ಜೀವಕೋಶದ ಹೊದಿಕೆಯಲ್ಲಿ ಪ್ಯಾಚ್ಡ್ ಅಂತ ಒಂದು ಪ್ರೋಟೀನ್ ಇದೆ. ಅದರ ಕೆಲಸ ಸ್ಮೂದೆಂಡ್ ಅನ್ನುವ ಇನ್ನೊಂದು ಪ್ರೋಟೀನ್‌ನ ಕೈ ಕಟ್ಟಿಹಾಕುವುದು. ಹೆಡ್ಜ್‌ಹಾಗ್ ಬಂದು ಪ್ಯಾಚ್ಡ್‌ಗೆ ಅಂಟಿಕೊಂಡಾಗ ಸ್ಮೂದೆಂಡ್‌ನ ಕಟ್ಟು ಬಿಚ್ಚುತ್ತದೆ. ಆಗ ಅದು ಒಳಗೆ ಸುದ್ದಿ ಕಳಿಸಿ ಜೀನ್‌ಗಳನ್ನು ಎಬ್ಬಿಸುತ್ತದೆ. ಬೆಳೆ, ಒಡೆ, ಇಂಥ ರೂಪ ತಾಳು. ಹೆಡ್ಜ್‌ಹಾಗ್ ಹೋದ ಮೇಲೆ ಪ್ಯಾಚ್ಡ್ ಮತ್ತೆ ಕಟ್ಟಿಹಾಕುತ್ತದೆ. ಇವಿಷ್ಟೂ ನೊಣದಲ್ಲಿ ಒಂದೊಂದಾಗಿ ಬಿಡಿಸಿ ತಿಳಿದದ್ದು. ಪ್ಯಾಚ್ಡ್, ಸ್ಮೂದೆಂಡ್, ಇವೂ ನೊಣದ ಜೀನ್‌ಗಳಿಗೆ ಇಟ್ಟ ಹೆಸರುಗಳೇ.

ಹಾಗಾದರೆ ಪ್ಯಾಚ್ಡ್ ಜೀನೇ ಕೆಟ್ಟುಹೋದರೆ? ಕಟ್ಟಿಹಾಕುವವರೇ ಇಲ್ಲ. ಹೆಡ್ಜ್‌ಹಾಗ್ ಬರದಿದ್ದರೂ ಸ್ಮೂದೆಂಡ್ ಕೂಗುತ್ತಲೇ ಇರುತ್ತದೆ. ಯಾರೂ ಹೇಳದೆಯೇ ಜೀವಕೋಶ "ಬೆಳೆ, ಬೆಳೆ" ಅಂತ ಕೇಳಿಸಿಕೊಳ್ಳುತ್ತಾ ಇರುತ್ತದೆ. ಗಾರ್ಲಿನ್ ಸಿಂಡ್ರೋಮ್ ಅಂತ ಒಂದು ಆನುವಂಶಿಕ ಕಾಯಿಲೆ ಇದೆ. ಆ ಕುಟುಂಬಗಳಲ್ಲಿ ಚಿಕ್ಕ ವಯಸ್ಸಿನಲ್ಲೇ ಬೇಸಲ್ ಸೆಲ್ ಕಾರ್ಸಿನೋಮ ಅನ್ನುವ ಚರ್ಮದ ಕ್ಯಾನ್ಸರ್ ಹತ್ತಾರು, ಕೆಲವರಲ್ಲಿ ನೂರಾರು ಕಡೆ ಏಳುತ್ತದೆ. 1996ರಲ್ಲಿ ಇದಕ್ಕೆ ಕಾರಣವಾದ ಜೀನ್ ಯಾವುದು ಅಂತ ಗೊತ್ತಾಯಿತು. ಪ್ಯಾಚ್ಡ್! ಆಮೇಲೆ ತಿಳಿದದ್ದು ಇನ್ನೂ ದೊಡ್ಡದು. ಆನುವಂಶಿಕವಾಗಿ ಅಲ್ಲದೆ ಸುಮ್ಮನೆ ಬಿಸಿಲಿನಿಂದ ಬರುವ ಬೇಸಲ್ ಸೆಲ್ ಕ್ಯಾನ್ಸರ್‌ಗಳಲ್ಲೂ ಬಹುಪಾಲಿನಲ್ಲಿ ಕೆಟ್ಟಿರುವುದು ಹೆಡ್ಜ್‌ಹಾಗ್‌ನ ಮಾತು ಸಾಗುವ ಇದೇ ದಾರಿ. ಬಿಳಿ ಚರ್ಮದವರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದು. ಮಕ್ಕಳಲ್ಲಿ ಬರುವ ಮೆಡುಲ್ಲೊಬ್ಲಾಸ್ಟೊಮ ಅನ್ನುವ ಮಿದುಳಿನ ಗೆಡ್ಡೆಗಳಲ್ಲೂ ಒಂದು ಭಾಗಕ್ಕೆ ಇದೇ ಕಾರಣ.

ನಿಮ್ಮ ಮಗಳು "ಕ್ಯಾನ್ಸರ್‌ಗೂ ಸಂಬಂಧಪಟ್ಟಿದ್ದು" ಅಂದದ್ದು ಇದನ್ನೇ ಇರಬೇಕು. ಭ್ರೂಣದಲ್ಲಿ ಮಾತು ಕೇಳಿಸದಿದ್ದರೆ ಅಂಗ ಸರಿಯಾಗಿ ಆಗುವುದಿಲ್ಲ. ದೊಡ್ಡವರಾದ ಮೇಲೆ ನಿಲ್ಲಬೇಕಾದ ಮಾತು ನಿಲ್ಲದಿದ್ದರೆ ಗೆಡ್ಡೆ. ಎರಡು ಕಾಯಿಲೆಗೂ ಒಂದೇ ತಂತಿ.

ಔಷಧ ಬಂತಾ ಅಂತ ಕೇಳಿದಿರಿ. ಬಂತು. ಕುರಿಮರಿಯ ಕಣ್ಣು ಕೆಡಿಸಿದ ಸೈಕ್ಲೊಪಮೈನ್ ಅಂಟಿಕೊಳ್ಳುವುದು ಸ್ಮೂದೆಂಡ್‌ಗೆ. ಭ್ರೂಣಕ್ಕೆ ಅದು ವಿಷ. ಆದರೆ ಸ್ಮೂದೆಂಡ್ ಬಾಯಿ ಮುಚ್ಚದೆ ಕೂಗುತ್ತಿರುವ ಕ್ಯಾನ್ಸರ್‌ನಲ್ಲಿ ನಮಗೆ ಬೇಕಿರುವುದೇ ಅದು. ಅದೇ ಜಾಗಕ್ಕೆ ಹಿಡಿಯುವ, ಮಾತ್ರೆಯಾಗಿ ನುಂಗಬಹುದಾದ ಬೇರೆ ಅಣುಗಳನ್ನು ತಯಾರಿಸಿದರು. ವಿಸ್ಮೊಡೆಜಿಬ್ ಅನ್ನುವ ಮೊದಲ ಔಷಧಕ್ಕೆ ಅಮೆರಿಕದಲ್ಲಿ 2012ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿತು. ಆಪರೇಷನ್ ಮಾಡಲಾಗದಷ್ಟು ಬೆಳೆದ ಬೇಸಲ್ ಸೆಲ್ ಕ್ಯಾನ್ಸರ್‌ಗೆ ಇದನ್ನು ಕೊಡುತ್ತಾರೆ. ಒಪ್ಪಿಗೆಗೆ ಆಧಾರವಾದ ಪರೀಕ್ಷೆಯಲ್ಲಿ, ಹುಟ್ಟಿದ ಜಾಗದಲ್ಲೇ ಆಳವಾಗಿ ಬೆಳೆದಿದ್ದವರಲ್ಲಿ 43%, ಬೇರೆ ಅಂಗಗಳಿಗೆ ಹರಡಿದ್ದವರಲ್ಲಿ 30% ಜನರ ಗೆಡ್ಡೆ ಕುಗ್ಗಿತು. ಅದಕ್ಕೂ ಮುಂಚೆ ಇವರಿಗೆ ಕೊಡಲು ಹೇಳಿಕೊಳ್ಳುವಂಥ ಔಷಧವೇ ಇರಲಿಲ್ಲ. 1980ರಿಂದ 2012, ಮೂವತ್ತೆರಡು ವರ್ಷ. ನಿಮ್ಮ "ಎಷ್ಟು ವರ್ಷಕ್ಕೆ" ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಇರುವ ಪ್ರಾಮಾಣಿಕ ಉತ್ತರ ಇದು.

ಆ ಔಷಧದ ಅಡ್ಡಪರಿಣಾಮಗಳೂ ಇದೇ ಕಥೆಯನ್ನೇ ಹೇಳುತ್ತವೆ. ರೋಗಿಗಳಿಗೆ ಸ್ನಾಯು ಹಿಡಿದುಕೊಳ್ಳುತ್ತದೆ, ಕೂದಲು ಉದುರುತ್ತದೆ, ನಾಲಿಗೆಗೆ ರುಚಿ ಹೋಗುತ್ತದೆ. ಕೂದಲಿನ ಬುಡ ಮತ್ತೆ ಮತ್ತೆ ಬೆಳೆಯುವುದಕ್ಕೆ, ನಾಲಿಗೆಯ ರುಚಿಮೊಗ್ಗುಗಳು ಹೊಸದಾಗುತ್ತಾ ಇರುವುದಕ್ಕೆ ದೊಡ್ಡವರಲ್ಲೂ ಹೆಡ್ಜ್‌ಹಾಗ್ ಬೇಕು. ಊಟದ ರುಚಿ ಹೋಗಿ ಎಷ್ಟೋ ಜನ ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೆ. ಇನ್ನು ಗರ್ಭಿಣಿಯರು ಇದರ ಹತ್ತಿರಕ್ಕೂ ಹೋಗಬಾರದು. ಕಾರಣ ನಿಮಗೇ ಗೊತ್ತಾಯಿತಲ್ವಾ? ಅದೇ ಕುರಿಮರಿ.

ಎಲ್ಲವೂ ಚೆನ್ನಾಗಿ ಮುಗಿಯಿತು ಅಂತ ಹೇಳಿದರೆ ನಾನು ನಿಮಗೆ ಮೋಸ ಮಾಡಿದ ಹಾಗೆ. 2009ರಲ್ಲಿ ಮೆಡುಲ್ಲೊಬ್ಲಾಸ್ಟೊಮ ಇದ್ದ 26 ವರ್ಷದ ರೋಗಿಯೊಬ್ಬರ ವರದಿ ಬಂತು. ದೇಹದ ತುಂಬ ಹರಡಿತ್ತು. ಈ ಔಷಧ ಕೊಟ್ಟು ಎರಡು ತಿಂಗಳಿಗೆ ಸ್ಕ್ಯಾನ್‌ನಲ್ಲಿ ಗೆಡ್ಡೆಗಳು ಹೆಚ್ಚೂಕಮ್ಮಿ ಮಾಯವಾಗಿದ್ದವು. ಮೂರನೆಯ ತಿಂಗಳ ಸ್ಕ್ಯಾನ್‌ನಲ್ಲಿ ವಾಪಸ್ ಬಂದಿದ್ದವು. ಸ್ಮೂದೆಂಡ್‌ನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ ಔಷಧ ಅಂಟದ ಹಾಗೆ ಆಗಿತ್ತು. ಆ ಎರಡು ಸ್ಕ್ಯಾನ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರು ಮರೆಯುವುದಿಲ್ಲ. ಪ್ಯಾಂಕ್ರಿಯಾಸ್ ಕ್ಯಾನ್ಸರ್‌ನಲ್ಲಿ ಇನ್ನೂ ಕೆಟ್ಟದಾಯಿತು. ಇಲಿಗಳಲ್ಲಿ ಹೆಡ್ಜ್‌ಹಾಗ್ ತಡೆದರೆ ಗೆಡ್ಡೆಯ ಸುತ್ತಲಿನ ಗಟ್ಟಿ ಅಂಗಾಂಶ ಸಡಿಲವಾಗಿ ಬೇರೆ ಔಷಧ ಒಳಗೆ ಹೋಗುತ್ತದೆ ಅಂತ ಕಂಡಿತ್ತು. ಮನುಷ್ಯರ ಮೇಲೆ ಪರೀಕ್ಷೆ ಮಾಡಿದಾಗ, ಅಂಥ ಒಂದು ಔಷಧ ತೆಗೆದುಕೊಂಡವರು ತೆಗೆದುಕೊಳ್ಳದವರಿಗಿಂತ ಬೇಗ ತೀರಿಕೊಂಡರು. 2012ರಲ್ಲಿ ಆ ಪರೀಕ್ಷೆ ನಿಲ್ಲಿಸಿದರು. ಆಮೇಲೆ ತಿಳಿಯಿತು, ಆ ಗಟ್ಟಿ ಅಂಗಾಂಶ ಗೆಡ್ಡೆಯನ್ನು ಹಿಡಿದಿಟ್ಟುಕೊಂಡೂ ಇತ್ತು. ಮಾತಿನ ಅರ್ಥ ಪೂರ್ತಿ ತಿಳಿಯದೆ ಮಾತು ನಿಲ್ಲಿಸಲು ಹೋದರೆ ಹೀಗಾಗುತ್ತದೆ. ನನ್ನ ಮಟ್ಟಿಗೆ, ಮೂಲ ಸಂಶೋಧನೆ ಇನ್ನೂ ಬೇಕು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇಲ್ಲ.

ನೊಣದಲ್ಲಿ ಎಲ್ಲ ಸಿಗುತ್ತದೆ ಅಂತಲೂ ಅಂದುಕೊಳ್ಳಬೇಡಿ. ನಮ್ಮ ಹೆಚ್ಚಿನ ಜೀವಕೋಶಗಳ ಮೇಲೆ ಒಂದೇ ಒಂದು ಸಣ್ಣ ಕೂದಲಿನಂಥ ಸಿಲಿಯಂ ಇರುತ್ತದೆ. ತುಂಬ ಕಾಲ ಅದನ್ನು ಕೆಲಸಕ್ಕೆ ಬಾರದ ಪಳೆಯುಳಿಕೆ ಅಂತಲೇ ತಿಳಿದಿದ್ದರು. 2003ರಲ್ಲಿ ಕ್ಯಾಥರಿನ್ ಆಂಡರ್ಸನ್ ಅವರ ತಂಡ ಇಲಿಗಳಲ್ಲಿ ತೋರಿಸಿತು, ಹೆಡ್ಜ್‌ಹಾಗ್‌ನ ಮಾತು ನಮ್ಮಲ್ಲಿ ಕೇಳಿಸುವುದೇ ಈ ಕೂದಲಿನ ಮೂಲಕ ಅಂತ. ನೊಣದ ರೆಕ್ಕೆಯ ಜೀವಕೋಶಗಳಲ್ಲಿ ಆ ಕೂದಲೇ ಇಲ್ಲ. ನೊಣ ಮಾತ್ರ ನೋಡಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ. ಹಾಗಾಗಿ ನೊಣ, ಇಲಿ, ಕೋಳಿಯ ಭ್ರೂಣ, ರೋಗಿ, ಎಲ್ಲರ ಹತ್ತಿರವೂ ಕೇಳಬೇಕು.

ಈಗ ನಿಮ್ಮ ಮಗಳ ಎರಡು ಗೆರೆಗಳು.

ನೊಣದ ರೆಕ್ಕೆ ಹುಳುವಿನೊಳಗೆ ಒಂದು ಪುಟ್ಟ ಚೀಲದ ರೂಪದಲ್ಲಿ ಶುರುವಾಗುತ್ತದೆ. ಅದರ ಹಿಂದಿನ ಅರ್ಧದ ಜೀವಕೋಶಗಳು ಹೆಡ್ಜ್‌ಹಾಗ್ ಬಿಡುತ್ತವೆ. ಅದು ಗಡಿ ದಾಟಿ ಮುಂದಿನ ಅರ್ಧಕ್ಕೆ ಹರಡುತ್ತದೆ, ಸುಮಾರು ಹತ್ತು ಜೀವಕೋಶಗಳಷ್ಟು ದೂರಕ್ಕೆ. ಮಾತು ಕೇಳಿಸಿದ ಆ ಕಿರಿದಾದ ಪಟ್ಟಿಯೇ ಬೆಳೆದು ರೆಕ್ಕೆಯ ಮೂರನೆಯ ಮತ್ತು ನಾಲ್ಕನೆಯ ಗೆರೆಗಳ ನಡುವಿನ ಜಾಗ ಆಗುತ್ತದೆ. ಮಾತು ಜೋರಾದರೆ ಗೆರೆಗಳು ದೂರ ಹೋಗುತ್ತವೆ. ಮೆಲ್ಲಗಾದರೆ ಹತ್ತಿರ ಬರುತ್ತವೆ. ತೀರಾ ಮೆಲ್ಲಗಾದರೆ ಕೂಡಿಕೊಳ್ಳುತ್ತವೆ. ಗೆರೆಗಳು ಹೀಗೆ ಕೂಡಿಕೊಂಡದ್ದನ್ನು ನೋಡಿಯೇ ಫ್ಯೂಸ್ಡ್ ಅಂತ ಇನ್ನೊಂದು ಜೀನ್‌ಗೆ ಹೆಸರಿಟ್ಟಿದ್ದು. ಆಮೇಲೆ ನೋಡಿದರೆ ಅದೂ ಇದೇ ದಾರಿಯ ಜೀನ್.

ಹಾಗಾಗಿ ಆ ದೂರ ಅಂದರೆ ಒಂದು ಮೀಟರ್ ಇದ್ದ ಹಾಗೆ. ಸ್ಮೂದೆಂಡ್ ಎಷ್ಟು ಜೋರಾಗಿ ಕೂಗುತ್ತಿದೆ ಅಂತ ಓದಿ ಹೇಳುವ ಮೀಟರ್. ಹತ್ತು ದಿನಕ್ಕೊಂದು ತಲೆಮಾರು, ಒಂದು ಸಣ್ಣ ಬಾಟಲಿಯಲ್ಲಿ ನೂರು ನೊಣ. ಯಾವುದೇ ಜೀನನ್ನು ಕೆಡಿಸಿ ಆ ದೂರ ಬದಲಾಯಿತಾ ಅಂತ ನೋಡಬಹುದು. ಬದಲಾದರೆ ಆ ಜೀನ್‌ಗೆ ಈ ಮಾತುಕತೆಯಲ್ಲಿ ಪಾಲಿದೆ. ಮನುಷ್ಯರಲ್ಲಿ ಅದರ ಸಂಬಂಧಿ ಏನು ಮಾಡುತ್ತದೆ ಅಂತ ಆಮೇಲೆ ಹುಡುಕಬೇಕು.

ನಾನು ವಿದ್ಯಾರ್ಥಿಯಾಗಿದ್ದಾಗ, ಇರಬಾರದ ಜಾಗದಲ್ಲಿ ಹೆಡ್ಜ್‌ಹಾಗ್ ಬಿಡುವ ನೊಣಗಳನ್ನು ಮಾಡಿದ್ದೆ. ಇಂಗಾಲದ ಡೈಆಕ್ಸೈಡ್ ಬಿಡುವ ಪ್ಯಾಡ್ ಮೇಲೆ ನೊಣಗಳು ಮಲಗಿದ್ದವು. ಸಣ್ಣ ಬ್ರಷ್‌ನಿಂದ ಒಂದೊಂದಾಗಿ ತಿರುಗಿಸುತ್ತಿದ್ದೆ. ಒಂದರ ರೆಕ್ಕೆಯ ಮುಂದಿನ ಅಂಚಿನಲ್ಲಿ ಇನ್ನೊಂದು ಅರ್ಧ ರೆಕ್ಕೆ ಬೆಳೆದಿತ್ತು. ಗೆರೆಗಳೆಲ್ಲ ತಿರುಗುಮುರುಗಾಗಿ, ಕನ್ನಡಿಯಲ್ಲಿ ಕಂಡ ಹಾಗೆ. ಹೀಗಾಗುತ್ತದೆ ಅಂತ ಓದಿ ಗೊತ್ತಿತ್ತು. ಆದರೂ ಕೈ ನಡುಗಿತು. ಒಂದು ಮಾತು ತಪ್ಪು ಜಾಗದಲ್ಲಿ ಆಡಿದ್ದಕ್ಕೆ ಒಂದು ಅಂಗವೇ ಹುಟ್ಟಿತ್ತು. ಕೆಲವು ಮಕ್ಕಳು ಕೈಯಲ್ಲಿ ಆರು ಬೆರಳಿಟ್ಟುಕೊಂಡು ಹುಟ್ಟುವುದಕ್ಕೂ ಇಂಥದ್ದೇ ಕಾರಣ ಇರುತ್ತದೆ. ಎಸ್‌ಎಚ್‌ಎಚ್ ಕಿರುಬೆರಳಿನ ಕಡೆಯಿಂದ ಹರಡಬೇಕು. ಅದು ಹೆಬ್ಬೆರಳಿನ ಕಡೆಯೂ ಹುಟ್ಟಿಕೊಂಡರೆ ಅಲ್ಲಿ ಇನ್ನೊಂದು ಬೆರಳು. ಇದನ್ನು ನಿಯಂತ್ರಿಸುವ ಡಿಎನ್‌ಎ ತುಣುಕು ಆ ಜೀನ್‌ನಿಂದ ಸುಮಾರು ಹತ್ತು ಲಕ್ಷ ಅಕ್ಷರಗಳಷ್ಟು ದೂರದಲ್ಲಿದೆ. ಅಲ್ಲಿ ಒಂದೇ ಅಕ್ಷರ ಬದಲಾದರೂ ಬೆರಳು ಜಾಸ್ತಿಯಾಗಬಹುದು.

ಆಸ್ಪತ್ರೆಗೆ ಹತ್ತಿರದ ಕೆಲಸಕ್ಕೆ ಬದಲಾಯಿಸಿಕೋ ಅಂತ ಹೇಳಲಾ ಅಂತ ಕೇಳಿದಿರಿ. ಅವಳಿಗೇ ಆಸೆ ಇದ್ದರೆ ಖಂಡಿತ ಹೋಗಲಿ. ಆದರೆ ನೊಣದ ಕೆಲಸ ಕಾಯಿಲೆಗೆ ದೂರ ಅನ್ನುವ ಕಾರಣಕ್ಕೆ ಹೇಳಬೇಡಿ. ಪಿಎಚ್‌ಡಿಯ ಮೂರನೆಯ ವರ್ಷದ ಹೊತ್ತಿಗೆ ಎಲ್ಲರಿಗೂ ತಮ್ಮ ಕೆಲಸದ ಮೇಲೆ ಅನುಮಾನ ಬರುತ್ತದೆ. ಆಗ ಮನೆಯವರ ಅನುಮಾನವೂ ಸೇರಿಕೊಂಡರೆ ತುಂಬ ಭಾರವಾಗುತ್ತದೆ.

ಅದರ ಬದಲು ಒಂದು ಕೆಲಸ ಮಾಡಿ. ಮುಂದಿನ ಸಲ ಅವಳು ಫೋನ್ ಮಾಡಿದಾಗ, ನೀನು ಕೆಡಿಸಿರುವ ಜೀನ್ ಯಾವುದು, ಅದರಿಂದ ಮೂರನೆಯ ಗೆರೆ ನಾಲ್ಕನೆಯದಕ್ಕೆ ಹತ್ತಿರ ಬಂತಾ ದೂರ ಹೋಯಿತಾ ಅಂತ ಕೇಳಿ. ಆಮೇಲೆ ಸುಮ್ಮನೆ ಕೇಳಿಸಿಕೊಳ್ಳಿ. ಸಾಧ್ಯವಾದರೆ ಒಂದು ದಿನ ಅವಳ ಲ್ಯಾಬಿಗೆ ಹೋಗಿ ಎರಡು ರೆಕ್ಕೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸು ಅನ್ನಿ. ಒಂದು ಸಾಮಾನ್ಯ ನೊಣದ್ದು, ಇನ್ನೊಂದು ಅವಳು ಮಾಡಿದ್ದು. ಮೊದಲು ಎರಡೂ ಒಂದೇ ಥರ ಕಾಣುತ್ತವೆ. ಫೋಕಸ್ ಸರಿಮಾಡಿಕೊಂಡು ಸ್ವಲ್ಪ ಹೊತ್ತು ನೋಡುತ್ತಾ ಇರಿ, ವ್ಯತ್ಯಾಸ ಕಾಣುತ್ತದೆ.